ಕುಂಬಳದ ಮಿಡಿ ಉದುರುತ್ತಿದೆಯೇ? ಗೊಬ್ಬರಕ್ಕಿಂತ ಮೊದಲು ಬೆಳಗಿನ ಹೂ ನೋಡಿ

ಮಾನ್ಯ ಸಂಪಾದಕರೇ,

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಕೈತೋಟದಲ್ಲಿ ಕುಂಬಳ ಬೆಳೆಯುವ ಬಗ್ಗೆ ಒಂದು ಬರಹ ಬಂದಿತ್ತು. ಬೀಜ ಎಷ್ಟು ಆಳಕ್ಕೆ ಹಾಕಬೇಕು, ಬಳ್ಳಿಗೆ ಎಷ್ಟು ಜಾಗ ಬೇಕು ಅನ್ನುವುದೆಲ್ಲ ಅದರಲ್ಲಿ ಸರಿಯಾಗಿಯೇ ಇತ್ತು. ಆದರೆ ಕೊನೆಯಲ್ಲಿ ಎರಡು ಸಲಹೆ ಇದ್ದವು. ಮಿಡಿಗಳು ಹಳದಿಯಾಗಿ ಉದುರಿದರೆ ಗೊಬ್ಬರ ಸಾಲದು ಎಂದರ್ಥ, ಇನ್ನಷ್ಟು ಹಾಕಿ, ಜೊತೆಗೆ ಬೆಳಿಗ್ಗೆ ಬೇಗ ಔಷಧಿ ಹೊಡೆಯಿರಿ ಅನ್ನುವುದು ಒಂದು. ಗಂಡು ಹೂಗಳಿಂದ ಪ್ರಯೋಜನ ಇಲ್ಲ, ಕಿತ್ತು ಹಾಕಿದರೆ ಬಳ್ಳಿಯ ಶಕ್ತಿಯೆಲ್ಲ ಕಾಯಿಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಇದನ್ನು ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ಯಾಕೆಂದರೆ ಇವೆರಡನ್ನೂ ನಾನು ಎರಡು ವರ್ಷ ಚಾಚೂ ತಪ್ಪದೆ ಮಾಡಿದ್ದೇನೆ. ಆ ಎರಡು ವರ್ಷದಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು ಕಾಯಿ.

ನಾನು ನರ್ಸ್. ಮನೆಯ ಹಿಂದೆ ಮೂರು ಮಂಚ ಹಾಕುವಷ್ಟು ಜಾಗ ಇದೆ. ಅಲ್ಲಿ ಮೊದಲ ಸಲ ಕುಂಬಳದ ಬೀಜ ಊರಿದಾಗ ನನಗೆ ಬೆಳಗಿನ ಪಾಳಿ. ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದೆ, ವಾಪಸ್ ಬರುವಾಗ ಮಧ್ಯಾಹ್ನ ಮೂರು ಗಂಟೆ. ಬಂದವಳೇ ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ಹೋಗುತ್ತಿದ್ದೆ. ಎಲೆಗಳು ಮೊರದಗಲ ಆಗಿದ್ದವು. ಬಳ್ಳಿ ಕಾಂಪೌಂಡ್ ಗೋಡೆ ಹತ್ತಿತ್ತು. ಮುದುಡಿದ ಹೂಗಳ ಕೆಳಗೆ ಗೋಲಿಯಷ್ಟು ದೊಡ್ಡ ಮಿಡಿಗಳು. ನೋಡಿದರೆ ಹೊಟ್ಟೆ ತುಂಬುತ್ತಿತ್ತು. ನಾಲ್ಕು ದಿನ ಕಳೆದು ನೋಡಿದರೆ ಅದೇ ಮಿಡಿ ಹಳದಿಯಾಗಿ, ಮುಟ್ಟಿದ ಕೂಡಲೇ ಕೈಗೆ ಬರುತ್ತಿತ್ತು. ಆ ವರ್ಷ ಹೀಗೆ 11 ಮಿಡಿ ಹೋದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಗೊಬ್ಬರ ಹಾಕಿ. ಹಾಕಿದೆ. ಎಲೆ ಇನ್ನೂ ಅಗಲವಾಯಿತು. ಗಂಡು ಹೂ ಕೀಳಿ ಅಂದರು. ಅದನ್ನೂ ಮಾಡಿದೆ. ರಜೆಯ ದಿನ ತಡವಾಗಿ ಎದ್ದು, ಉದ್ದ ತೊಟ್ಟಿನ ಹೂಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿದೆ. ಎರಡನೇ ವರ್ಷವೂ ಅದೇ ಕತೆ. ಆ ಒಂದು ಕಾಯಿ ಹೇಗೆ ನಿಂತಿತು ಅನ್ನುವುದೇ ಆಗ ನನಗೆ ಆಶ್ಚರ್ಯ. ಗೋಡೆಯ ಆಚೆ ಬದಿಗೆ ಇಳಿದಿದ್ದ ಕುಡಿಯಲ್ಲಿ, ನನ್ನ ಕೈಗೆ ಸಿಗದ ಜಾಗದಲ್ಲಿ ಅದು ಬೆಳೆದಿತ್ತು.

ಮೂರನೇ ವರ್ಷ ನನಗೆ ರಾತ್ರಿ ಪಾಳಿ ಬಂತು. ಬೆಳಿಗ್ಗೆ ಆರೂವರೆಗೆ ಮನೆ ಸೇರುತ್ತಿದ್ದೆ. ಮೊದಲ ದಿನ ಹಿತ್ತಲ ಬಾಗಿಲು ತೆಗೆದಾಗ ಕಂಡದ್ದನ್ನು ನಾನು ಮರೆಯುವುದಿಲ್ಲ. ಬಳ್ಳಿಯ ತುಂಬ ಅಂಗೈ ಅಗಲದ ಹಳದಿ ಹೂಗಳು ಬಾಯಿ ತೆರೆದು ನಿಂತಿದ್ದವು. ಎರಡು ವರ್ಷ ಕುಂಬಳ ಬೆಳೆಸಿದ ನಾನು ಅಲ್ಲಿಯವರೆಗೆ ಪೂರ್ತಿ ಅರಳಿದ ಕುಂಬಳದ ಹೂವನ್ನು ನನ್ನ ಹಿತ್ತಲಲ್ಲಿ ನೋಡಿಯೇ ಇರಲಿಲ್ಲ! ಬೆಳಕು ಹರಿಯುವಾಗ ಅರಳುತ್ತದೆ, ಬಿಸಿಲು ಏರಿದಂತೆ ಅಂಚು ಮಡಿಚಿಕೊಳ್ಳುತ್ತದೆ, ಮಧ್ಯಾಹ್ನದೊಳಗೆ ತಿರುಚಿ ಮುಚ್ಚಿರುತ್ತದೆ. ಒಂದು ಹೂವಿಗೆ ಒಂದೇ ಬೆಳಿಗ್ಗೆ. ಮರುದಿನ ಅದು ಮತ್ತೆ ಅರಳುವುದಿಲ್ಲ. ಕಾಯಿ ಕಟ್ಟಬೇಕಿದ್ದರೆ ಆ ನಾಲ್ಕೈದು ಗಂಟೆಯೊಳಗೆ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಸೇರಲೇಬೇಕು. ಅದರಲ್ಲೂ ಮೊದಲ ಎರಡು ಮೂರು ಗಂಟೆಯೇ ಮುಖ್ಯ, ಹೊತ್ತು ಏರಿದಂತೆ ಪರಾಗದ ಕಸುವು ಇಳಿಯುತ್ತದೆ.

ಇಲ್ಲಿ ನಿಮ್ಮ ಬರಹದ ಜೊತೆಗಿದ್ದ ಚಿತ್ರದ ಬಗ್ಗೆ ಒಂದು ಮಾತು. ಇನ್ನೂ ಅರಳದ ಮೊಗ್ಗು, ಅದರ ಕೆಳಗೆ ಪುಟ್ಟ ಗುಂಡು. ಅದರಡಿಯಲ್ಲಿ ‘ಕಾಯಿ ಕಟ್ಟಿರುವುದು’ ಎಂದು ಬರೆದಿದ್ದೀರಿ. ಇದೇ ತಪ್ಪು ತಿಳಿವಳಿಕೆ ನಮ್ಮನ್ನೆಲ್ಲ ದಾರಿ ತಪ್ಪಿಸುವುದು. ಆ ಗುಂಡು ಕಾಯಿ ಕಟ್ಟಿದ್ದಲ್ಲ. ಅದು ಹೆಣ್ಣು ಹೂವಿನ ಅಂಡಾಶಯ. ಹೂ ಅರಳುವುದಕ್ಕೆ ಎಷ್ಟೋ ದಿನ ಮೊದಲೇ ಅದು ಅಲ್ಲಿ ಇರುತ್ತದೆ. ಪರಾಗ ಸೇರಿದರೆ ಮಾತ್ರ ಬೆಳೆಯುತ್ತದೆ. ಸೇರದಿದ್ದರೆ ಮೂರು ನಾಲ್ಕು ದಿನದಲ್ಲಿ ತುದಿಯಿಂದ ಹಳದಿಯಾಗಿ, ಮೆತ್ತಗಾಗಿ ಬೀಳುತ್ತದೆ. ನಾವು ಕಾಯಿ ಕಟ್ಟಿ ಉದುರಿತು ಅಂದುಕೊಳ್ಳುತ್ತೇವೆ. ನಿಜಕ್ಕೂ ಅಲ್ಲಿ ಕಾಯಿ ಕಟ್ಟಿಯೇ ಇರಲಿಲ್ಲ. ಬಳ್ಳಿಗೆ ರೋಗ ಇಲ್ಲ, ಹಸಿವೂ ಇಲ್ಲ. ಬೆಳಗಿನ ಒಂದು ಕೆಲಸ ಆಗಿಲ್ಲ, ಅಷ್ಟೇ.

ಗಂಡು ಹೂ, ಹೆಣ್ಣು ಹೂ ಗುರುತಿಸುವುದು ಕಷ್ಟವೇನಲ್ಲ. ಗಂಡು ಹೂವಿನ ತೊಟ್ಟು ಸಪೂರ, ಉದ್ದ. ಹೂವಿನ ಕೆಳಗೆ ಗುಂಡು ಇರುವುದಿಲ್ಲ. ಒಳಗೆ ನಟ್ಟ ನಡುವೆ ಒಂದೇ ಕಡ್ಡಿ, ಅದರ ಮೇಲೆಲ್ಲ ಹಳದಿ ಪುಡಿ. ಹೆಣ್ಣು ಹೂ ಬಳ್ಳಿಗೆ ಅಂಟಿಕೊಂಡ ಹಾಗೆ ಗಿಡ್ಡ ತೊಟ್ಟಿನ ಮೇಲೆ ಕೂತಿರುತ್ತದೆ, ಒಳಗೆ ಹೋಳು ಹೋಳಾದ ದಪ್ಪ ಗಂಟು. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂಗಳು, ವಾರ ಹತ್ತು ದಿನ ಬರೀ ಅವೇ. ಹೂ ಮಾತ್ರ ಬಿಡ್ತಾ ಇದೆ, ಕಾಯಿ ಇಲ್ಲ ಅಂತ ನಿಮ್ಮ ಓದುಗರೊಬ್ಬರು ಹಿಂದೊಮ್ಮೆ ಇದೇ ಅಂಕಣಕ್ಕೆ ಬರೆದಿದ್ದರು. ಅವರು ಬಳ್ಳಿ ಕಿತ್ತು ಹಾಕದೆ ಇನ್ನೆರಡು ವಾರ ಕಾದಿದ್ದರೆ ಸಾಕಿತ್ತು ಅನಿಸುತ್ತದೆ. ಆ ಗಂಡು ಹೂಗಳನ್ನು ದಯವಿಟ್ಟು ಕೀಳಬೇಡಿ. ಅವಿಲ್ಲದೆ ಒಂದು ಕಾಯಿಯೂ ಆಗದು. ಜೇನುಗಳಿಗೆ ದಾರಿ ಗೊತ್ತಾಗುವುದೂ ಅವುಗಳಿಂದಲೇ.

ಕುಂಬಳದ ಪರಾಗ ಗಾಳಿಯಲ್ಲಿ ಹಾರುವಂಥದ್ದಲ್ಲ. ಕಣ ದೊಡ್ಡದು, ಭಾರ, ಮೇಲೆಲ್ಲ ಅಂಟು. ಬೆರಳಲ್ಲಿ ಮುಟ್ಟಿ ನೋಡಿ, ಒರೆಸಿದರೂ ಹೋಗುವುದಿಲ್ಲ. ಅದನ್ನು ಹೊತ್ತು ಹೆಣ್ಣು ಹೂವಿಗೆ ಮುಟ್ಟಿಸಲು ಜೇನೋ ದುಂಬಿಯೋ ಬರಬೇಕು. ಒಂದು ಸಲ ಬಂದರೆ ಸಾಲದು, ಮತ್ತೆ ಮತ್ತೆ ಬರಬೇಕು. ಒಳಗಿನ ಬೀಜ ಒಂದೊಂದಕ್ಕೂ ಒಂದೊಂದು ಪರಾಗದ ಕಣ ಬೇಕು, ಒಂದು ಕಾಯಿಯಲ್ಲಿ ನೂರಾರು ಬೀಜ ಇರುತ್ತವೆ ಅಲ್ವಾ? ಅರೆಬರೆ ಪರಾಗ ಸಿಕ್ಕಿದ ಕಾಯಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಅಂಥ ಕಾಯಿಯನ್ನು ಕೊಯ್ದು ನೋಡಿದ್ದೇನೆ. ಸೊಟ್ಟಗಿನ ಬದಿಯಲ್ಲಿ ಬೀಜಗಳು ತೆಳ್ಳಗೆ, ಒಳಗೆ ತಿರುಳಿಲ್ಲದೆ ಜೊಳ್ಳಾಗಿದ್ದವು.

ಮನೆಯಲ್ಲಿ ಅತ್ತೆಗೆ ಮಂಡಿ ನೋವು. ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂರುತ್ತಾರೆ. ಅವರಿಗೆ ಒಂದು ಕೆಲಸ ಕೊಟ್ಟೆ. ಅತ್ತೆ, ಹೂವಿಗೆ ಎಷ್ಟು ಜೇನು ಬರ್ತವೆ ಎಣಿಸ್ತೀರಾ ಅಂದೆ. ಮೊದಲ ದಿನ ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆ ಎಣಿಸಿದರು. ಎರಡು ಅಂದರು. ಮರುದಿನ ಒಂದು. ಮೂರನೇ ದಿನ ಮೋಡ, ಒಂದೂ ಇಲ್ಲ. ಕಾರಣ ಹುಡುಕುತ್ತಾ ಹೋದಾಗ ಗೊತ್ತಾಯಿತು, ಅಕ್ಕಪಕ್ಕದ ತೋಟಗಳಲ್ಲಿ ಔಷಧಿ ಹೊಡೆಯುವುದು ಬೆಳಿಗ್ಗೆ ಆರರಿಂದ ಏಳರೊಳಗೆ. ತಂಪು ಹೊತ್ತು, ಕೆಲಸಕ್ಕೆ ಹೋಗುವ ಮೊದಲು ಮುಗಿಯುತ್ತದೆ ಅಂತ. ಹಿಂದಿನ ವರ್ಷ ನಾನೂ ಡ್ಯೂಟಿಗೆ ಹೊರಡುವ ಮೊದಲು ಕತ್ತಲಲ್ಲೇ ನನ್ನ ಬಳ್ಳಿಗೆ ಹೊಡೆದಿದ್ದೆ. ಅದರ ಬೆನ್ನಲ್ಲೇ ಹೂ ಬಾಯಿ ತೆರೆಯುತ್ತದೆ, ಜೇನು ಒಳಗೆ ಇಳಿಯುತ್ತದೆ. ಮಧ್ಯಾಹ್ನ ಮುದುಡಿದ ಹೂವೊಂದನ್ನು ಬಿಡಿಸಿದಾಗ ಒಳಗೆ ಸತ್ತ ಜೇನು ಸಿಕ್ಕಿತ್ತು. ರೆಕ್ಕೆ ಹರಡಿಕೊಂಡು, ಕಾಲಿನಲ್ಲಿ ಹಳದಿ ಉಂಡೆ ಹಾಗೇ ಇತ್ತು. ಆಗ ಅದು ಹೂವಿನೊಳಗೆ ಸಿಕ್ಕಿಕೊಂಡು ಸತ್ತಿದೆ ಅಂದುಕೊಂಡೆ. ಈಗ ನೆನಪಾದರೆ ಸಂಕಟವಾಗುತ್ತದೆ.

ಅದಕ್ಕೇ ನಿಮ್ಮ ಬರಹದ ‘ಬೆಳಿಗ್ಗೆ ಬೇಗ’ ಅನ್ನುವ ಎರಡು ಪದ ನನ್ನನ್ನು ಇಷ್ಟು ಕಾಡಿದ್ದು. ಕುಂಬಳದ ಬಳ್ಳಿಗೆ ಏನನ್ನಾದರೂ ಹೊಡೆಯಲೇಬೇಕಿದ್ದರೆ ಸಂಜೆ, ಹೂಗಳೆಲ್ಲ ಮುಚ್ಚಿದ ಮೇಲೆ ಹೊಡೆಯಬೇಕು. ಮರುದಿನ ಅರಳುವ ಮೊಗ್ಗುಗಳ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು. ಹೊಡೆಯದೇ ಇದ್ದರೆ ಇನ್ನೂ ಒಳ್ಳೆಯದು. ಎಲೆ ತಿನ್ನುವ ಕಿತ್ತಳೆ ಬಣ್ಣದ ದುಂಬಿಗಳನ್ನು ನಾನು ಬೆಳಿಗ್ಗೆ ಅವು ಜಡವಾಗಿರುವಾಗ ಕೈಯಲ್ಲೇ ಹಿಡಿದು ಸೋಪಿನ ನೀರಿಗೆ ಹಾಕುತ್ತೇನೆ. ಸಣ್ಣ ತೋಟಕ್ಕೆ ಹತ್ತು ನಿಮಿಷ ಸಾಕು.

ಜೇನು ಬರದಿದ್ದರೆ ಆ ಕೆಲಸ ನಾವೇ ಮಾಡಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕತ್ತರಿಸದೆ ಹಾಕಿ.

ಹಿಂದಿನ ಸಂಜೆಯೇ ಬಳ್ಳಿ ಸುತ್ತಿ ನೋಡಬೇಕು. ನಾಳೆ ಅರಳುವ ಮೊಗ್ಗು ಇವತ್ತೇ ಗೊತ್ತಾಗುತ್ತದೆ. ಅದರ ತುದಿ ಹಸಿರು ಬಿಟ್ಟು ಹಳದಿಗೆ ತಿರುಗಿರುತ್ತದೆ, ಎಸಳುಗಳ ಹಿಡಿತ ಕೊಂಚ ಸಡಿಲವಾಗಿರುತ್ತದೆ. ಆ ಹೆಣ್ಣು ಮೊಗ್ಗಿನ ಪಕ್ಕದ ಎಲೆಯ ತೊಟ್ಟಿಗೆ ಒಂದು ಕೆಂಪು ದಾರ ಕಟ್ಟಿ ಇಡುತ್ತೇನೆ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಹುಡುಕಬಾರದಲ್ಲ. ಬೆಳಿಗ್ಗೆ ಆಗಷ್ಟೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕೀಳಬೇಕು. ಎಸಳುಗಳನ್ನು ಬಾಳೆಹಣ್ಣು ಸುಲಿದ ಹಾಗೆ ಹಿಂದಕ್ಕೆ ಸುಲಿದರೆ ನಡುವಿನ ಕಡ್ಡಿ ಮಾತ್ರ ಉಳಿಯುತ್ತದೆ. ಅದನ್ನೇ ಕುಂಚದಂತೆ ಹಿಡಿದು ಹೆಣ್ಣು ಹೂವಿನ ಒಳಗಿನ ಗಂಟಿಗೆ ಮೆಲ್ಲಗೆ ಸವರಬೇಕು. ಒಂದು ಹೋಳಿಗೆ ಮಾತ್ರ ಅಲ್ಲ, ಸುತ್ತಲೂ ಎಲ್ಲ ಹೋಳುಗಳಿಗೂ. ಗಂಟಿನ ಮೇಲೆ ಹಳದಿ ಪುಡಿ ಕಣ್ಣಿಗೆ ಕಾಣುವಷ್ಟು ಕೂರಬೇಕು. ಒಂದು ಹೆಣ್ಣಿಗೆ ಎರಡು ಗಂಡು ಹೂ ಬಳಸಿದರೆ ಇನ್ನೂ ಒಳ್ಳೆಯದು. ಒತ್ತಬೇಡಿ, ಗಂಟು ಮೆತ್ತಗೆ ಇರುತ್ತದೆ, ತರಚಿದರೆ ಕೆಟ್ಟಿತು. ನಾನು ಮಗುವಿಗೆ ಹನಿ ಔಷಧಿ ಹಾಕುವಾಗಿನ ಕೈಯಲ್ಲೇ ಇದನ್ನೂ ಮಾಡುತ್ತೇನೆ.

ಕೆಲವು ದಿನ ಹೆಣ್ಣು ಅರಳಿರುತ್ತದೆ, ಗಂಡು ಇರುವುದಿಲ್ಲ. ಅದಕ್ಕೂ ದಾರಿ ಇದೆ. ಸಂಜೆ ತುದಿ ಹಳದಿಯಾದ ಗಂಡು ಮೊಗ್ಗನ್ನು ಪರಿಚಯದವರ ತೋಟದಿಂದ ತೊಟ್ಟಿನ ಸಮೇತ ತಂದು ನೀರಿನ ಲೋಟದಲ್ಲಿ ಇಟ್ಟರೆ ಬೆಳಿಗ್ಗೆ ಅಲ್ಲೇ ಅರಳುತ್ತದೆ. ಆದರೆ ಅದು ಅದೇ ಜಾತಿಯ ಕುಂಬಳ ಆಗಿರಬೇಕು. ಸೋರೆ, ಹೀರೆ, ಬೂದುಗುಂಬಳದ ಪರಾಗ ಇದಕ್ಕೆ ನಡೆಯುವುದಿಲ್ಲ. ಮಳೆ ಬರುವ ಸೂಚನೆ ಇದ್ದರೆ ಸಂಜೆಯೇ ಮೊಗ್ಗಿನ ಮೇಲೆ ಒಂದು ಪೇಪರ್ ಕಪ್ ಬೋರಲು ಹಾಕಿ ಇಡುತ್ತೇನೆ. ನೆನೆದ ಪರಾಗ ಕೆಲಸಕ್ಕೆ ಬಾರದು.

ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಗೊಂದು ಚಾರ್ಟ್ ಇರುತ್ತದಲ್ಲ, ಹಾಗೆ ಆ ವರ್ಷ ಒಂದೊಂದು ಹೆಣ್ಣು ಹೂವಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ. ಹೂವಿನ ನಂಬರ್, ಅರಳಿದ ಹೊತ್ತು, ಮಳೆಯೋ ಬಿಸಿಲೋ, ಕೈಯಲ್ಲಿ ಮಾಡಿದ್ದೋ ಜೇನಿಗೆ ಬಿಟ್ಟದ್ದೋ. ಬೇಕಂತಲೇ ಐದು ಹೂಗಳನ್ನು ಮುಟ್ಟದೆ ಬಿಟ್ಟೆ. ಒಂಬತ್ತಕ್ಕೆ ಕೈಯಿಂದ ಪರಾಗ ಹಚ್ಚಿದೆ. ಬಿಟ್ಟ ಐದರಲ್ಲಿ ನಿಂತದ್ದು ಒಂದು. ಕೈಯಿಂದ ಮಾಡಿದ ಒಂಬತ್ತರಲ್ಲಿ ಏಳು ನಿಂತವು. ಗೊಬ್ಬರ ಅದೇ, ನೀರು ಅದೇ, ಬಳ್ಳಿ ಅದೇ. ಇದು ಒಂದು ಹಿತ್ತಲಿನ ಲೆಕ್ಕ, ವಿಜ್ಞಾನದ ಪ್ರಯೋಗ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ವರ್ಷ ಒಂದೇ ಕಾಯಿ ಕಂಡವಳಿಗೆ ಇಷ್ಟು ಸಾಕಾಗಿತ್ತು. ಮೂರನೇ ದಿನ ಬೆಳಿಗ್ಗೆ 4ನೇ ನಂಬರ್ ಹೂವಿನ ಗುಂಡು ಹಳದಿಯಾಗುವ ಬದಲು ಮಿರಿಮಿರಿ ಹೊಳೆಯುತ್ತಾ, ತೊಟ್ಟು ದಪ್ಪಗಾಗಿ ಕೆಳಕ್ಕೆ ಬಾಗಿತ್ತು. ಅತ್ತೆಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ನೋಡು, ನಿಂತಿದೆ ಅಂದರು. ನಾವಿಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.

ನಿಂತ ಎಲ್ಲ ಕಾಯಿಯೂ ಕೊನೆಯವರೆಗೆ ಉಳಿಯುವುದಿಲ್ಲ, ಅದನ್ನೂ ಹೇಳಬೇಕು. ಬಳ್ಳಿಗೆ ತನ್ನ ಲೆಕ್ಕ ಇರುತ್ತದೆ. ದೊಡ್ಡ ಕಾಯಿ ಎರಡು ಮೂರು ಬಲಿಯುತ್ತಿದ್ದರೆ ಆಮೇಲೆ ಬಂದ ಮಿಡಿಗಳನ್ನು ಅದೇ ಬಿಟ್ಟುಕೊಡುತ್ತದೆ. ಅದು ರೋಗವಲ್ಲ. ಸೆಕೆ ಜಾಸ್ತಿಯಾಗಿ ಹಗಲು 35 ಡಿಗ್ರಿ ದಾಟಿದಾಗ, ರಾತ್ರಿಯೂ ತಂಪಾಗದೆ ಇದ್ದಾಗ ಹೆಣ್ಣು ಹೂ ಕಡಿಮೆಯಾಗುತ್ತವೆ, ಬಂದವೂ ನಿಲ್ಲುವುದು ಕಷ್ಟ. ಸಾರಜನಕ ಜಾಸ್ತಿ ಇರುವ ಗೊಬ್ಬರ ಸುರಿದರೆ ಎಲೆ, ಬಳ್ಳಿ ಸೊಕ್ಕುತ್ತವೆ, ಕಾಯಿ ಹಿಂದೆ ಬೀಳುತ್ತದೆ. ನಾನು ಎರಡು ವರ್ಷ ಮಾಡಿದ್ದು ಅದನ್ನೇ. ಗುಣಿಗೆ ಮೊದಲೇ ಚೆನ್ನಾಗಿ ಕಳಿತ ಗೊಬ್ಬರ ಬುಟ್ಟಿ ತುಂಬ ಹಾಕಿದರೆ ಕೈತೋಟದ ಬಳ್ಳಿಗೆ ಹೆಚ್ಚುಕಡಿಮೆ ಅಷ್ಟೇ ಸಾಕು. ಮಧ್ಯಾಹ್ನ ಎಲೆ ಜೋತು ಬಿದ್ದರೆ ಗಾಬರಿ ಬೇಡ, ಸಂಜೆಗೆ ತಾನಾಗಿ ಎದ್ದರೆ ನೀರು ಸಾಕಾಗಿದೆ ಎಂದೇ ಅರ್ಥ. ಸಂಜೆಯೂ ಏಳದಿದ್ದರೆ ಬುಡಕ್ಕೆ ನೀರು ಬೇಕು.

ನಿಮ್ಮ ಬರಹದಲ್ಲಿ ಎಲೆಯ ಬಿಳಿ ಮಚ್ಚೆಗೂ ಔಷಧಿ ಹೇಳಿದ್ದಿರಿ. ಕೆಲವು ಕುಂಬಳದ ಎಲೆಯಲ್ಲಿ ನರ ಕವಲೊಡೆಯುವ ಜಾಗದಲ್ಲಿ ಬೆಳ್ಳಿಯಂಥ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ಹೋಗದಿದ್ದರೆ ಅದು ಎಲೆಯ ಬಣ್ಣ. ಪುಡಿಯಾಗಿ ಬೆರಳಿಗೆ ಬಂದರೆ ಬೂದಿ ರೋಗ. ಅದಕ್ಕೂ ಔಷಧಿಗಿಂತ ಮೊದಲು ಹಾಲು ಸಿಂಪಡಿಸಿ ನೋಡಬಹುದು. ಬ್ರೆಜಿಲ್‌ನ ವ್ಯಾಗ್ನರ್ ಬೆಟಿಯೋಲ್ ಎಂಬ ವಿಜ್ಞಾನಿ ಜುಕಿನಿ (ಎಳೆಯದರಲ್ಲೇ ಕೊಯ್ದು ತಿನ್ನುವ, ಸೌತೆಯಂತೆ ಕಾಣುವ ಒಂದು ಬಗೆಯ ಕುಂಬಳ) ಗಿಡಗಳ ಮೇಲೆ ಹಸುವಿನ ಹಾಲನ್ನು ನೀರಿಗೆ ಬೆರೆಸಿ ಸಿಂಪಡಿಸಿ, ಬೂದಿ ರೋಗ ಹತೋಟಿಗೆ ಬರುವುದನ್ನು 1999ರಲ್ಲಿ ಪ್ರಕಟಿಸಿದರು. ನಾನು ಒಂಬತ್ತು ಪಾಲು ನೀರಿಗೆ ಒಂದು ಪಾಲು ಹಾಲು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸುತ್ತೇನೆ. ರೋಗ ಶುರುವಾಗುವಾಗಲೇ ಮಾಡಬೇಕು, ಎಲೆಯೆಲ್ಲ ಬಿಳಿಯಾದ ಮೇಲೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ಇದೆ. ಇದು ಪ್ರಾಣಕ್ಕೆ ಸಂಬಂಧಿಸಿದ್ದು. ನಿಮ್ಮ ಬರಹದಲ್ಲಿ ‘ಬೀಜ ಎತ್ತಿಟ್ಟು ಮುಂದಿನ ವರ್ಷ ಬಳಸಿ’ ಎಂದಷ್ಟೇ ಇತ್ತು.

ನಾಲ್ಕನೇ ವರ್ಷ ನಾನು ಜುಕಿನಿ ಬೆಳೆದೆ, ಬೀಜ ಎತ್ತಿಟ್ಟೆ. ಆ ವರ್ಷವೇ ಹತ್ತಿರದ ತೋಟವೊಂದರಲ್ಲಿ ಅಲಂಕಾರಕ್ಕೆ ಅಂತ ಪಟ್ಟೆ ಪಟ್ಟೆಯ ಪುಟ್ಟ ಬಣ್ಣದ ಕಾಯಿಗಳ ಬಳ್ಳಿ ಇತ್ತು. ಐದನೇ ವರ್ಷ ನನ್ನ ಬೀಜದಿಂದ ಬಂದ ಗಿಡದಲ್ಲಿ ಚಂದದ ಕಾಯಿಗಳಾದವು. ಒಂದನ್ನು ಹೆಚ್ಚಿ, ಚೂರು ತುದಿ ನಾಲಿಗೆಗೆ ಇಟ್ಟೆ. ಕಹಿ ಅಂದರೆ ಸಾಮಾನ್ಯ ಕಹಿ ಅಲ್ಲ. ಉಗಿದು ಬಾಯಿ ತೊಳೆದರೂ ಅರ್ಧ ಗಂಟೆ ಗಂಟಲಲ್ಲಿ ನಿಂತಿತ್ತು. ಆ ಗಿಡದ ಕಾಯಿಯನ್ನೆಲ್ಲ ಕಿತ್ತು ಎಸೆದೆ.

ಆ ಕಹಿಯ ಹೆಸರು ಕುಕುರ್ಬಿಟಾಸಿನ್. ಇದು ವಿಷ. ಬೇಯಿಸಿದರೂ ಹೋಗುವುದಿಲ್ಲ. ಹೊಟ್ಟೆ ನುಲಿತ, ವಾಂತಿ, ಭೇದಿ ತರುತ್ತದೆ. ಕೆಲವರಿಗೆ ಕೆಲವು ವಾರಗಳ ನಂತರ ತಲೆಗೂದಲು ಉದುರಿದ್ದೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಜರ್ಮನಿಯಲ್ಲಿ 2015ರಲ್ಲಿ ಕೈತೋಟದ ಕಹಿ ಜುಕಿನಿ ತಿಂದ 79 ವರ್ಷದ ಒಬ್ಬರು ತೀರಿಕೊಂಡರು. ಕಹಿಯಾಗಿತ್ತು, ಆದರೂ ತಿಂದಿದ್ದರು. ಮನೆಯಲ್ಲಿ ಬೆಳೆದದ್ದನ್ನು ಎಸೆಯಲು ಯಾರಿಗೂ ಮನಸ್ಸು ಬಾರದು, ಅದು ನನಗೂ ಗೊತ್ತು. ಆದರೂ ಕುಂಬಳ, ಜುಕಿನಿ ಯಾವುದೇ ಆಗಲಿ, ಕಹಿ ಕಂಡರೆ ಆ ಚೂರನ್ನು ಉಗಿಯಿರಿ, ಉಳಿದದ್ದನ್ನು ಎಸೆಯಿರಿ. ಯಾರಾದರೂ ಆಗಲೇ ತಿಂದು ವಾಂತಿ ಭೇದಿ ಶುರುವಾಗಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ತಿಂದರು ಅನ್ನುವುದನ್ನು ಅಲ್ಲಿ ಹೇಳಿ. ಇದು ನರ್ಸ್ ಆಗಿ ನನ್ನ ಬಿನ್ನಹ.

ಆ ಕಹಿ ಬಂದದ್ದೂ ಹೂವಿನ ದಾರಿಯಲ್ಲೇ. ಜುಕಿನಿಯೂ ಆ ಬಣ್ಣದ ಅಲಂಕಾರದ ಕಾಯಿಯೂ ಒಂದೇ ಜಾತಿ, ಕುಕುರ್ಬಿಟಾ ಪೆಪೊ. ಒಂದರ ಪರಾಗ ಇನ್ನೊಂದಕ್ಕೆ ಸಲೀಸಾಗಿ ಸೇರುತ್ತದೆ. ಬೆರಕೆಯಾದ ವರ್ಷ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಕಾಯಿಯ ತಿರುಳು ತಾಯಿ ಗಿಡದ್ದೇ. ಬೆರಕೆ ಅಡಗಿರುವುದು ಬೀಜದೊಳಗೆ. ಅದು ಮುಂದಿನ ವರ್ಷ ಗಿಡವಾಗಿ ಕಾಯಿ ಬಿಟ್ಟಾಗ ಹೊರಗೆ ಬರುತ್ತದೆ. ಕಾಡಿನಲ್ಲಿ ಬೆಳೆಯುವ ಮೂಲ ಕುಂಬಳಗಳೆಲ್ಲ ಕಹಿಯೇ. ಅಮೆರಿಕದಲ್ಲಿ ಈಗ ಅಳಿದುಹೋಗಿರುವ, ಆನೆಯಂಥ ಮ್ಯಾಸ್ಟೊಡಾನ್‌ಗಳು ಅವನ್ನು ತಿಂದು ಬೀಜ ಹರಡುತ್ತಿದ್ದವು, ಅವುಗಳ ಲದ್ದಿಯಲ್ಲಿ ಬೀಜ ಸಿಕ್ಕಿದೆ. ಮೆಕ್ಸಿಕೊದ ಓಹಾಕಾ ಪ್ರದೇಶದ ಗೀಲಾ ನಾಕಿಟ್ಸ್ ಗುಹೆಯಲ್ಲಿ ಮನುಷ್ಯರು ಬೆಳೆಸಿದ ಕುಂಬಳದ ಬೀಜಗಳು ಸಿಕ್ಕಿವೆ, ಸುಮಾರು 10,000 ವರ್ಷ ಹಳೆಯವು. ಅಷ್ಟು ಕಾಲದಿಂದ ಯಾರ‍್ಯಾರೋ ಕಹಿ ಇಲ್ಲದ ಕಾಯಿಯನ್ನು ಆರಿಸಿ ಆರಿಸಿ ಬೀಜ ಎತ್ತಿಟ್ಟಿದ್ದಾರೆ. ನಾನು ಒಂದೇ ವರ್ಷ ಎಚ್ಚರ ತಪ್ಪಿದ್ದಕ್ಕೆ ಆ ಕಹಿ ನನ್ನ ಹಿತ್ತಲಿಗೆ ವಾಪಸ್ ಬಂತು.

ಹಾಗಾಗಿ ಬೀಜಕ್ಕೆ ಬಿಡುವ ಕಾಯಿಯನ್ನು ಮಾತ್ರ ಬೇರೆ ರೀತಿ ನೋಡಿಕೊಳ್ಳುತ್ತೇನೆ. ಸಂಜೆಯೇ ಆ ಹೆಣ್ಣು ಮೊಗ್ಗಿನ ತುದಿಗೂ ಎರಡು ಗಂಡು ಮೊಗ್ಗಿನ ತುದಿಗೂ ದಾರ ಸುತ್ತಿ ಬಿಡುತ್ತೇನೆ, ಬೆಳಿಗ್ಗೆ ಜೇನು ಒಳಗೆ ಹೋಗದ ಹಾಗೆ. ಬೆಳಿಗ್ಗೆ ನಾನೇ ಬಿಚ್ಚಿ ಪರಾಗ ಹಚ್ಚಿ, ಹೆಣ್ಣು ಹೂವಿನ ಎಸಳನ್ನು ಒಟ್ಟು ಮಾಡಿ ಮತ್ತೆ ಕಟ್ಟುತ್ತೇನೆ. ಆ ಕಾಯಿಯ ತೊಟ್ಟಿಗೆ ಬಿಳಿ ದಾರ. ಬೀಜಕ್ಕೆ ಬಿಳಿ ದಾರದ ಕಾಯಿ ಮಾತ್ರ.

ನಿಮ್ಮ ಹತ್ತಿರ ಇರುವುದು ಯಾವ ಜಾತಿ ಅಂತ ತೊಟ್ಟು ನೋಡಿದರೆ ಗೊತ್ತಾಗುತ್ತದೆ. ತೊಟ್ಟು ಗಟ್ಟಿಯಾಗಿ, ಏಣು ಏಣಾಗಿ ಇದ್ದರೆ ಜುಕಿನಿಯ ಜಾತಿ. ಏಣು ಇದ್ದು, ಕಾಯಿಗೆ ಸೇರುವಲ್ಲಿ ತುತ್ತೂರಿಯ ಬಾಯಿಯಂತೆ ಅಗಲವಾಗಿದ್ದರೆ ಬಟರ್‌ನಟ್ ಎಂಬ ತಳಿ ಸೇರಿರುವ ಮೊಸ್ಕಾಟಾ ಜಾತಿ. ಬೆಂಡಿನಂತೆ ಮೆತ್ತಗೆ, ಗುಂಡಗೆ ಇದ್ದರೆ ಮ್ಯಾಕ್ಸಿಮಾ ಜಾತಿ. ಸಾವಿರ ಕೆಜಿ ದಾಟುವ ಪ್ರದರ್ಶನದ ಕುಂಬಳಗಳು ಈ ಕೊನೆಯ ಜಾತಿಯವು. ಮೂರು ಜಾತಿಯದು ಒಂದೊಂದೇ ತಳಿ ಹಾಕಿದರೆ, ಸುತ್ತಮುತ್ತ ಬೇರೆ ತಳಿ ಇಲ್ಲದಿದ್ದರೆ ಬೆರಕೆಯ ಚಿಂತೆ ಬಹಳ ಕಡಿಮೆ.

ಕೊಯ್ಯುವುದರ ಬಗ್ಗೆ ನಿಮ್ಮ ಬರಹ ಸರಿಯಾಗಿ ಹೇಳಿತ್ತು. ತೊಟ್ಟು ಒಣಗಿ, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯದಂತಾದಾಗ ನಾಲ್ಕು ಬೆರಳಿನಷ್ಟು ತೊಟ್ಟು ಬಿಟ್ಟು ಕೊಯ್ಯಬೇಕು. ನಾನು ಸೇರಿಸುವುದು ಇಷ್ಟೇ, ತೊಟ್ಟು ಹಿಡಿದು ಎತ್ತಬೇಡಿ. ತೊಟ್ಟು ಕಳಚಿದ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಹೆಚ್ಚೇನಿಲ್ಲ. ಮುಂದಿನ ಪುರವಣಿಯಲ್ಲಿ ಗಂಡು ಹೂ ಮತ್ತು ಹೆಣ್ಣು ಹೂವಿನ ಚಿತ್ರವನ್ನು ಅಕ್ಕಪಕ್ಕ ಹಾಕಿ. ಗಂಡು ಹೂ ಕೀಳಬೇಡಿ, ಬೆಳಿಗ್ಗೆ ಔಷಧಿ ಹೊಡೆಯಬೇಡಿ ಎಂದು ತಿದ್ದುಪಡಿ ಕೊಡಿ. ಕಹಿ ಕಾಯಿಯ ಎಚ್ಚರಿಕೆಯನ್ನು ಪೆಟ್ಟಿಗೆ ಕಟ್ಟಿ ದಪ್ಪ ಅಕ್ಷರದಲ್ಲಿ ಹಾಕಿ. ಈಗ ಎಷ್ಟೋ ಹಿತ್ತಲುಗಳಲ್ಲಿ ಬಳ್ಳಿ ಹೂ ಬಿಡುತ್ತಿರಬಹುದು. ನಿಮ್ಮ ಬರಹ ಓದಿ ಯಾರೋ ಗಂಡು ಹೂಗಳನ್ನು ಕಿತ್ತು ಗುಡ್ಡೆ ಹಾಕುತ್ತಿದ್ದಾರೆ ಅಂತ ನೆನೆಸಿಕೊಂಡರೆ ನನಗೆ ನಿದ್ದೆ ಹತ್ತುವುದಿಲ್ಲ.

ಚಿತ್ರ ಬೇಕಿದ್ದರೆ ನಾನೇ ತೆಗೆದು ಕಳುಹಿಸುತ್ತೇನೆ. ಈ ವರ್ಷದ 6ನೇ ನಂಬರ್ ಹೆಣ್ಣು ಮೊಗ್ಗಿನ ತುದಿ ಇವತ್ತು ಸಂಜೆ ಹಳದಿಯಾಗಿದೆ. ಪಕ್ಕದಲ್ಲೇ ಎರಡು ಗಂಡು ಮೊಗ್ಗೂ ಇವೆ. ಕೆಂಪು ದಾರ ಕಟ್ಟಿ ಡ್ಯೂಟಿಗೆ ಹೊರಟಿದ್ದೇನೆ. ನಾನು ಬರುವುದು ತಡವಾದರೆ ಏನು ಮಾಡಬೇಕು ಅಂತ ಅತ್ತೆಗೆ ಗೊತ್ತು.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು